ಸುಣ್ಣ ಸುಟ್ಟ ಕಣ್ಣಿಗೆ ನಾಟಿ

ಕೊರೋನಾ ಕಾಟ ತಣ್ಣಗಾಗಿ, ಆಸ್ಪತ್ರೆಗೆ ಮತ್ತೆ ಮಾಮೂಲಿ ರೋಗಿಗಳು ಬರಲು ಶುರುವಾಗಿದ್ದ ಕಾಲ. ನಾನಾಗ ಸಿಂಧನೂರಿನಲ್ಲಿ ಸರ್ಕಾರಿ ಕಣ್ಣಿನ ವೈದ್ಯೆ. ವಾರಕ್ಕೊಂದು ದಿನ ಮಸ್ಕಿಗೂ ಹೋಗಿ ಕಣ್ಣು ನೋಡಿ ಬರುತ್ತಿದ್ದೆ. ಹುಟ್ಟಿದ್ದು ಲಿಂಗಸುಗೂರು, ನಿವೃತ್ತಿಯಾದ ಮೇಲೆ ಈಗ ಮತ್ತೆ ಅಲ್ಲೇ ಇದ್ದೇನೆ. ಸೇವೆಯುದ್ದಕ್ಕೂ ನಾನು ಹೆಚ್ಚಾಗಿ ಮಾಡಿದ್ದು ಪೊರೆಯ ಆಪರೇಶನ್. ಮಂಜಾದ ಮಸೂರ ತೆಗೆ, ಲೆನ್ಸ್ ಕೂರಿಸು, ಮುಂದಿನವರನ್ನು ಕರೆ. ಬೆರಗುಪಡಲು ಪುರಸೊತ್ತೇ ಇರಲಿಲ್ಲ. ಆ ನಾನು ಮೂಗಿನ ಮೇಲೆ ಬೆರಳಿಟ್ಟು ನಿಂತದ್ದು ತುರ್ವಿಹಾಳದ ಹುಲಿಗೆಮ್ಮನ ಕಣ್ಣಿನ ಮುಂದೆ.

ಹುಲಿಗೆಮ್ಮ ಕಾಲುವೆ ನೀರಿನ ಗದ್ದೆಗಳಲ್ಲಿ ಭತ್ತ ನಾಟಿ ಮಾಡುವ ಕೂಲಿ ಹೆಣ್ಣುಮಗಳು. ಇಪ್ಪತ್ನಾಲ್ಕರ ವಯಸ್ಸು, ಕಂಕುಳಲ್ಲಿ ಎಂಟು ತಿಂಗಳ ಹೆಣ್ಣುಕೂಸು. ದೀಪಾವಳಿಗೆ ಗೋಡೆ ಬಳಿಯಲೆಂದು ಸುಣ್ಣದ ಹರಳು ಗಡಿಗೆಗೆ ಹಾಕಿ ನೀರು ಸುರಿದಿದ್ದಾಳೆ. ಕೊತಕೊತ ಕುದಿದ ಸುಣ್ಣ ಒಮ್ಮೆಲೇ ಚಿಮ್ಮಿ ಬಲಗಣ್ಣಿಗೆ ಬಿದ್ದಿದೆ. ಕೊಡದ ತುಂಬ ನೀರು ಪಕ್ಕದಲ್ಲೇ ಇತ್ತು. ಆದರೆ ಅತ್ತೆ ಗಂಗಮ್ಮ ಓಡಿಬಂದು ಸೊಸೆಯ ಕೈ ಹಿಡಿದು ತಡೆದಳು. ಔಡಲೆಣ್ಣೆ ಬಿಟ್ಟು, ಅರಿವೆ ಕಟ್ಟಿ, ಬಸ್ಸಿಗೆ ಕಾದು ಸಿಂಧನೂರಿಗೆ ಕರೆತರುವ ಹೊತ್ತಿಗೆ ಕಣ್ಣು ಬೆಂದುಹೋಗಿತ್ತು.

"ನೀರು ಯಾಕ ಹಾಕ್ಲಿಲ್ಲ?" ಎಂದು ಕೇಳಿದೆ.

"ನೀರು ಬಿದ್ರ ಸುಣ್ಣ ಕುದಿತೈತಲ್ರಿ ಡಾಕ್ಟ್ರಮ್ಮಾರ! ಗಡಿಗ್ಯಾಗ ಕುದಿಯೋದು ಕಣ್ಣಾರೆ ನೋಡೀನಿ. ಕಣ್ಣಾಗೂ ಕುದ್ರ?" ಎಂದಳು ಗಂಗಮ್ಮ.

ನನಗೆ ಸಿಟ್ಟು ನೆತ್ತಿಗೇರಿತು. "ಅಯ್ಯ ನನ್ನವ್ವಾ! ಒಂದ್ ಕೊಡ ನೀರು ಸುರದಿದ್ರ ಕಣ್ಣು ಇಷ್ಟು ಸುಡ್ತಿರಲಿಲ್ಲಬೇ!" ಎಂದು ಗದರಿದೆ. ಗಂಗಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಗೋಡೆಗೆ ಒರಗಿದಳು. ರೆಪ್ಪೆ ಮಗುಚಿ ಸುಣ್ಣದ ಕಣಗಳನ್ನು ಹೆಕ್ಕಿ ತೆಗೆದು, ಬಾಟಲಿಗಟ್ಟಲೆ ಸಲೈನ್ ಸುರಿದು ತೊಳೆದೆ. ಓದುವವರೂ ಇದೊಂದನ್ನು ಮರೆಯಬೇಡಿ. ಕಣ್ಣಿಗೆ ಸುಣ್ಣ ಬಿದ್ದರೆ ಆ ಕ್ಷಣವೇ ನೀರು, ಧಾರಾಳವಾಗಿ ನೀರು, ಆಮೇಲೆ ಆಸ್ಪತ್ರೆ.

ಕಣ್ಣಿನ ಕರಿಗುಡ್ಡೆಯ ಮುಂದೆ ಗಾಜಿನಂತೆ ತಿಳಿಯಾದ ಒಂದು ಪದರವಿದೆ. ಅದು ಕಾರ್ನಿಯಾ. ಅದರ ಮೇಲ್ಮೈ ದಿನವೂ ಸವೆಯುತ್ತದೆ, ದಿನವೂ ಹೊಸದಾಗುತ್ತದೆ. ಹೊಸ ಜೀವಕೋಶಗಳು ಹುಟ್ಟುವುದು ಕಪ್ಪೂ ಬಿಳಿಯೂ ಕೂಡುವ ಅಂಚಿನಲ್ಲಿ. ಆ ಅಂಚಿಗೆ ಲಿಂಬಸ್ ಎನ್ನುತ್ತೇವೆ. ಅಲ್ಲಿ ಕುಳಿತು ಹುಟ್ಟಿದಾಗಿನಿಂದ ಸಾಯುವವರೆಗೆ ಹೊಸ ಕೋಶಗಳನ್ನು ಹೆರುತ್ತಲೇ ಇರುವ ತಾಯಿಕೋಶಗಳೇ ಸ್ಟೆಮ್ ಸೆಲ್‌ಗಳು. ಹುಲಿಗೆಮ್ಮನ ಬಲಗಣ್ಣಿನಲ್ಲಿ ಸುಣ್ಣ ಸುಟ್ಟಿದ್ದು ಅವನ್ನೇ. ಕಾಯುವವರಿಲ್ಲದ ಹೊಲಕ್ಕೆ ದನ ನುಗ್ಗಿದ ಹಾಗೆ, ಬಿಳಿಭಾಗದ ಪೊರೆ ರಕ್ತನಾಳಗಳ ಸಮೇತ ಕಾರ್ನಿಯಾದ ಮೇಲೆ ಹಬ್ಬಿತು. ವರ್ಷ ತುಂಬುವುದರೊಳಗೆ ಕಣ್ಣಿಗೆ ಕೆಂಪು ಪರದೆ ಬಿದ್ದಿತ್ತು. ಮುಂದೆ ಕೈ ಆಡಿಸಿದರೆ ಗೊತ್ತಾಗುತ್ತಿತ್ತು, ಅಷ್ಟೇ. ಸದಾ ಉರಿ, ಸದಾ ನೀರು. ಕೂಸನ್ನೆತ್ತಿಕೊಂಡು ಗದ್ದೆಯ ಬದುವಿನ ಮೇಲೆ ನಡೆಯುವಾಗ ಅಂದಾಜು ತಪ್ಪಿ ಕಾಲುವೆಗೆ ಬೀಳುವುದು ಸ್ವಲ್ಪದರಲ್ಲಿ ತಪ್ಪಿತ್ತಂತೆ. ನೇತ್ರದಾನದ ಕಾರ್ನಿಯಾ ಹೊಲಿದರೂ ಉಪಯೋಗವಿರಲಿಲ್ಲ. ಅದನ್ನು ದಿನವೂ ಹೊಸದಾಗಿ ಇಡುವ ತಾಯಿಕೋಶಗಳೇ ಇಲ್ಲವಲ್ಲ.

ಉಳಿದಿದ್ದು ಒಂದೇ ದಾರಿ. ಚೆನ್ನಾಗಿರುವ ಎಡಗಣ್ಣಿನ ಅಂಚಿನಿಂದ ಒಂದು ಚೂರು ತೆಗೆದು ಬಲಗಣ್ಣಿಗೆ ಹಾಕುವುದು. ಹೈದರಾಬಾದಿನಲ್ಲಿ ನನ್ನ ಸಹಪಾಠಿಯೊಬ್ಬಳು ಈ ಕೆಲಸದಲ್ಲಿ ಪಳಗಿದ್ದಳು. ಹುಲಿಗೆಮ್ಮನಿಗೆ ತಿಳಿಯುವಂತೆ ಹೇಳಬೇಕಲ್ಲ, ಹೇಳಿದೆ.

"ನೀವು ಮಡ್ಯಾಗಿನ ಸಸಿ ಕಿತ್ತು ಗದ್ದ್ಯಾಗ ಹಚ್ಚತೀರಲ್ಲ, ಹಂಗ ನೋಡವಾ. ಎಡಗಣ್ಣಾಗಿಂದು ಒಂಚೂರು ಕಿತ್ತು ಬಲಗಣ್ಣಾಗ ಹಚ್ಚತಾರ."

ಎಷ್ಟು ಚೆನ್ನಾಗಿ ಹೇಳಿದೆ ಎಂದು ನನಗೆ ನಾನೇ ಬೆನ್ನು ಚಪ್ಪರಿಸಿಕೊಳ್ಳುತ್ತಿದ್ದೆ. ಹುಲಿಗೆಮ್ಮನ ಮುಖ ಬಿಳಿಚಿಕೊಂಡಿತು.

"ಸಸಿ ಕಿತ್ತ ಮ್ಯಾಲ ಮಡ್ಯಾಗ ಏನು ಉಳಿತೈತ್ರಿ? ಬರೇ ರಾಡಿ! ಇದ್ದೊಂದು ಕಣ್ಣೂ ರಾಡಿ ಆದ್ರ ನನ್ನ ಕೂಸಿನ ಮಾರಿ ಹೆಂಗ ನೋಡ್ಲಿ? ನಾ ಒಲ್ಲೆ."

ಕೂಸನ್ನು ಸೊಂಟಕ್ಕೇರಿಸಿಕೊಂಡು ಹೊರಟೇಬಿಟ್ಟಳು. ಒಲೆ ಊದಲು ಹೋಗಿ ದೀಪ ಆರಿಸಿದಂತಾಗಿತ್ತು ನನ್ನ ಕಥೆ. ಅವಳ ಹೆದರಿಕೆ ಸುಳ್ಳೂ ಅಲ್ಲ. ಇರುವುದು ಒಂದೇ ಕಣ್ಣು, ಅದಕ್ಕೇ ಕತ್ತರಿ ಹಾಕುತ್ತೇವೆ ಎಂದರೆ ಯಾರಿಗೆ ಎದೆ ಝಲ್ ಎನ್ನುವುದಿಲ್ಲ? ನಾನು ಒತ್ತಾಯ ಮಾಡಲಿಲ್ಲ.

ಮುಂದಿನ ವಾರ ಗಂಗಮ್ಮ ಒಬ್ಬಳೇ ಬಂದಳು. 'ನನ್ನ ಕೈಲೇ ಸೊಸಿ ಕಣ್ಣು ಹೋತು' ಎಂಬ ಕೊರಗು ಆಕೆಯನ್ನು ಅರ್ಧ ಮಾಡಿತ್ತು. ಬಾಗಿಲಲ್ಲೇ ನಿಂತು ಒಂದೇ ಪ್ರಶ್ನೆ ಕೇಳಿದಳು.

"ಕಿತ್ತ ಜಾಗಾ ಮತ್ತ ತುಂಬತೈತೇನ್ರಿ?"

"ತುಂಬತೈತಿ. ಸುತ್ತ ಉಳದಿದ್ದು ಹಬ್ಬಿಕೊಂಡು ಬರತೈತಿ."

"ಹಂಗಾರ ಅದು ಸಸಿ ಅಲ್ರಿ, ಕರಕಿ ಹುಲ್ಲು ಐತಿ! ಎಷ್ಟು ಕಿತ್ರೂ ಬೇರು ಒಂಚೂರು ಉಳಿದ್ರ ಸಾಕು, ಹೊಲಾನ ತುಂಬತೈತಿ. ಮೊದಲ ಹಿಂಗ ಹೇಳಬಾರದಾ?"

ಮರುದಿನ ಸೊಸೆಯನ್ನು ಕರೆದುಕೊಂಡು ಬಂದಳು. ತುಸು ಅಪಾಯ ಇದ್ದೇ ಇದೆ, ಎಡಗಣ್ಣನ್ನು ಕೆಲವು ದಿನ ಜೋಪಾನ ಮಾಡಬೇಕು, ಬಲಗಣ್ಣು ಎಷ್ಟು ತಿಳಿಯಾಗುತ್ತದೆಂದು ಮೊದಲೇ ಹೇಳಲಾಗದು ಎಂದು ಎಲ್ಲವನ್ನೂ ಬಿಡಿಸಿ ಹೇಳಿದೆ. ಹುಲಿಗೆಮ್ಮ ಕೂಸಿನ ಬೆರಳು ಹಿಡಿದು ಕೇಳಿಸಿಕೊಂಡಳು. ಕೊನೆಗೆ, "ನೀವೂ ಬರೂದಾದ್ರ ಹೋಗೂಣ್ರಿ" ಎಂದಳು. ನಾನು ಎರಡು ವಾರ ರಜೆ ಹಾಕಿ ಅವರೊಂದಿಗೆ ಹೈದರಾಬಾದಿಗೆ ಹೊರಟೆ.

ಆಪರೇಶನ್ ಥಿಯೇಟರಿನಲ್ಲಿ ನನ್ನ ಗೆಳತಿಯ ಪಕ್ಕದಲ್ಲಿ ನಿಂತು ನೋಡಿದೆ. ಎಡಗಣ್ಣಿನಿಂದ ತೆಗೆದ ಚೂರು ಜೋಳದ ಕಾಳಿನಷ್ಟೂ ಇರಲಿಲ್ಲ. ಬಲಗಣ್ಣಿನ ಮೇಲಿನ ಕೆಂಪು ಪರದೆಯನ್ನು ಸುಲಿದು, ಅಲ್ಲಿ ಒಂದು ತೆಳು ಪೊರೆ ಹಾಸಿದಳು. ಆ ಪೊರೆ ಎಲ್ಲಿಯದು ಗೊತ್ತೇ? ಹೆರಿಗೆಯಲ್ಲಿ ಕೂಸಿನ ಬೆನ್ನಿಗೇ ಬರುತ್ತದಲ್ಲ, ನಮ್ಮ ಕಡೆ ಅದನ್ನು 'ಕಸ' ಅಂತಲೇ ಕರೆದು ಹೂಳುತ್ತಾರೆ, ಅದರದು. ಹೆಸರೂ ತಿಳಿಯದ ಯಾವಳೋ ಬಾಣಂತಿ ದಾನ ಮಾಡಿದ್ದು. ಕಸದಿಂದ ರಸ ಎನ್ನುವವರು ಅದನ್ನು ನೋಡಬೇಕಿತ್ತು. ಆಮೇಲೆ ಗೆಳತಿ ಆ ಚೂರನ್ನು ಇನ್ನೂ ಸಣ್ಣ ಸಣ್ಣ ತುಣುಕು ಮಾಡಿ, ಪೊರೆಯ ಮೇಲೆ ಸುತ್ತಲೂ ಉಂಗುರದಂತೆ ಇಟ್ಟು ಅಂಟಿಸಿದಳು. ಮೇಲೊಂದು ಕಾಂಟ್ಯಾಕ್ಟ್ ಲೆನ್ಸ್ ಮುಚ್ಚಿದಳು. "ಇಷ್ಟೇನಾ?" ಎಂದೆ. "ನಮ್ಮ ಕೆಲಸ ಇಷ್ಟೇ. ಇನ್ನು ಅವುಗಳದು" ಎಂದಳು.

ಕಣ್ಣಿಗೆ ಒಂದು ಬಣ್ಣದ ಹನಿ ಬಿಟ್ಟು ನೀಲಿ ಬೆಳಕಿನಲ್ಲಿ ನೋಡಿದರೆ, ಮೇಲ್ಪದರ ಇಲ್ಲದ ಜಾಗ ಹಸಿರಾಗಿ ಹೊಳೆಯುತ್ತದೆ. ಮೊದಲ ಸಲ ನೋಡಿದಾಗ ಕಣ್ಣೆಲ್ಲ ಹಸಿರು, ನಡುನಡುವೆ ಆ ತುಣುಕುಗಳ ದ್ವೀಪಗಳು. ಕೆಲವು ದಿನ ಬಿಟ್ಟು ನೋಡಿದರೆ ದ್ವೀಪಗಳು ಅಗಲವಾಗಿದ್ದವು. ಎರಡು ವಾರ ದಾಟುವುದರೊಳಗೆ ಹಸಿರು ಎಲ್ಲೂ ಇರಲಿಲ್ಲ. ಒಂದೊಂದು ತುಣುಕೂ ಹಬ್ಬಿ, ಪಕ್ಕದ್ದನ್ನು ಮುಟ್ಟಿ, ಮುಟ್ಟಿದಲ್ಲಿಗೆ ನಿಂತಿತ್ತು. ಹಬ್ಬು ಎಂದವರು ಯಾರು? ನಿಲ್ಲು ಎಂದವರು ಯಾರು? ಸೂಕ್ಷ್ಮದರ್ಶಕದಿಂದ ಮುಖ ತೆಗೆಯಲು ಮನಸ್ಸೇ ಬರಲಿಲ್ಲ. ಮೈ ಜುಮ್ಮೆಂದಿತು, ಕಣ್ಣಲ್ಲಿ ನೀರೂ ಬಂತು. ಇಷ್ಟು ವರ್ಷ ನಾನು ಕಣ್ಣು ರಿಪೇರಿ ಮಾಡಿದ್ದೆ. ಕಣ್ಣು ತನ್ನನ್ನು ತಾನೇ ಮಾಡಿಕೊಳ್ಳುವುದನ್ನು ಅವತ್ತೇ ನೋಡಿದ್ದು.

ಸುದ್ದಿ ಹಬ್ಬಿದ ಮೇಲೆ ಮಸ್ಕಿಯಲ್ಲಿ ಜನ ನನ್ನನ್ನು ಮುತ್ತಿಕೊಂಡರು. ಮಂಡಿನೋವಿಗೆ ಸ್ಟೆಮ್ ಸೆಲ್ ಹಾಕ್ರಿ, ಸಕ್ಕರೆ ಕಾಯಿಲೆಗೆ ಹಾಕ್ರಿ, ಒಬ್ಬನಂತೂ ಬೋಳುತಲೆ ತೋರಿಸಿದ! ಎಲ್ಲದಕ್ಕೂ ಇದೇ ಮದ್ದು ಎಂದು ಬೋರ್ಡು ಹಾಕಿಕೊಂಡವರ ಹತ್ತಿರ ಹೋಗಬೇಡಿ ಎಂದು ಬೈದು ಕಳಿಸಿದೆ. ಗಟ್ಟಿಯಾಗಿ ಸಾಬೀತಾದದ್ದು ಕೆಲವೇ ಕಾಯಿಲೆಗಳಿಗೆ. ಉಳಿದದ್ದು ಇನ್ನೂ ಪರೀಕ್ಷೆಯಲ್ಲಿದೆ.

ಆರೇಳು ತಿಂಗಳ ನಂತರ ಹುಲಿಗೆಮ್ಮ ಸಿಂಧನೂರಿಗೆ ತಪಾಸಣೆಗೆ ಬಂದಳು. ಎಡಗಣ್ಣು ಮುಚ್ಚಿಸಿ, ಗೋಡೆಯ ಚಾರ್ಟ್ ತೋರಿಸಿದೆ. ಗೆರೆಗಳು ಯಾವ ಕಡೆ ಮುಖ ಮಾಡಿವೆ ಎಂದು ಬೆರಳಲ್ಲಿ ತೋರಿಸುತ್ತ ಒಂದೊಂದೇ ಸಾಲು ಇಳಿದಳು. ಕೊನೆಯ ಎರಡು ಸಾಲು ಮಾತ್ರ ಆಗಲಿಲ್ಲ. ಗಂಗಮ್ಮ ಮೊಮ್ಮಗಳನ್ನು ಎದೆಗವಚಿಕೊಂಡು ಗಟ್ಟಿಯಾಗಿ ಅತ್ತುಬಿಟ್ಟಳು. ಆಮೇಲೆ ನಾನು ಎಡಗಣ್ಣನ್ನು ಪರೀಕ್ಷಿಸಿದೆ. ಅಂಚಿನುದ್ದಕ್ಕೂ ಹುಡುಕಿದೆ, ಲೈಟು ದೊಡ್ಡದು ಮಾಡಿ ಹುಡುಕಿದೆ.

"ಎಲ್ಲಿ ಕಿತ್ತಾರ ಅನ್ನೋದ ನನಗ ಸಿಗವಲ್ದಲ್ಲಬೇ!" ಎಂದೆ.

"ಖರೇನ್ರಿ? ಕಿತ್ತಲ್ಲಿ ಕುಣಿ ಇಲ್ಲೇನ್ರಿ?"

"ಗೆರಿ ಸೈತ ಇಲ್ಲ."

ಹುಲಿಗೆಮ್ಮ ಬಾಗಿಲ ಕಡೆ ತಿರುಗಿ, "ಹೊರಗ ವಳಕಮದಿನ್ನಿ ಊರಿನ ಗೌಂಡಿ ಒಬ್ಬ ಕುಂತಾನ್ರಿ. ಅವಗೂ ಒಂದ್ ಕಣ್ಣಿಗೆ ಸುಣ್ಣ ಬಿದ್ದೈತಂತ. ನನ್ನ ಕಣ್ಣಾಗಿಂದು ಒಂಚೂರು ಕಿತ್ತು ಅವಗ ಹಚ್ಚರಿ" ಎಂದಳು.

ಒಬ್ಬರದನ್ನು ಇನ್ನೊಬ್ಬರ ಮೈ ಸುಲಭಕ್ಕೆ ಒಪ್ಪುವುದಿಲ್ಲ, ಅವನ ಇನ್ನೊಂದು ಕಣ್ಣು ಚೆನ್ನಾಗಿದೆ, ಅದರಿಂದಲೇ ತೆಗೆಯಬೇಕು, ಆದರೆ ಮೂರು ಸಲ ಹೇಳಿದರೂ ಅವನು ಒಲ್ಲೆ ಎನ್ನುತ್ತಿದ್ದಾನೆ ಎಂದೆ. ಹುಲಿಗೆಮ್ಮ ಎದ್ದು ಹೋದಳು. ಬಾಗಿಲ ಸಂದಿಯಿಂದ ನೋಡಿದೆ. ಗಾರೆ ಕೆಲಸದ ಆ ಗೌಂಡಿಯ ಮುಂದೆ ಕುಕ್ಕರಗಾಲಲ್ಲಿ ಕೂತು, ಎರಡು ಬೆರಳಿನಿಂದ ತನ್ನ ಎಡಗಣ್ಣಿನ ರೆಪ್ಪೆ ಅಗಲಿಸಿ ಹಿಡಿದಿದ್ದಳು.

ರೋಗಿಗಳಿಗೆ ಹೇಗೆ ಹೇಳಬೇಕು ಎಂದು ವೃತ್ತಿಯುದ್ದಕ್ಕೂ ತಲೆ ಕೆಡಿಸಿಕೊಂಡವಳು ನಾನು. ಹೇಳುವುದಕ್ಕಿಂತ ತೋರಿಸುವುದು ದೊಡ್ಡದು ಎಂದು ಕಲಿತದ್ದು ಆ ಬಾಗಿಲ ಸಂದಿಯಲ್ಲಿ.

"ಹುಡುಕ್ರಿ ಕಾಕಾ," ಎನ್ನುತ್ತಿದ್ದಳು, "ಎಲ್ಲಿ ಕಿತ್ತಾರ ಹುಡುಕ್ರಿ ನೋಡೂಣ."