ಕ್ರೂಸರ್ ನಿಲ್ಲಿಸಿದ ನನ್ನ ಪಿಟೀಲು

“ಬೆಲ್ಟ್ ಕಿರ್ರ್ ಅನ್ನಾಕತ್ತದ, ತಡೀರಿ,” ಎನ್ನುತ್ತ ಡ್ರೈವರ್ ಕ್ರೂಸರ್ ಜೀಪನ್ನು ರಸ್ತೆ ಬದಿಗೆ ನಿಲ್ಲಿಸಿ ಬಾನೆಟ್ ಎತ್ತಿದ. ಕಮಲಾಪುರದಿಂದ ಕಲಬುರಗಿಗೆ ಹೊರಟಿದ್ದ ನಾವು ಹದಿನಾಲ್ಕು ಮಂದಿ, ಜೊತೆಗೆ ನಾಲ್ಕು ಗೊನೆ ಕೆಂಪು ಬಾಳೆ, ಬಿಸಿಲಲ್ಲಿ ಕಾದೆವು. ಎಂಜಿನ್ ಬಂದ್ ಆದರೂ ಕಿರುಗುಟ್ಟುವುದು ನಿಲ್ಲಲಿಲ್ಲ. ಎಲ್ಲರೂ ನನ್ನ ಜೇಬು ನೋಡಿದರು.

ಅದು ನಾನೇ ರಚಿಸಿದ, ನಾಲ್ಕು ಪಿಟೀಲುಗಳ ಆಧುನಿಕ ಪಾಶ್ಚಾತ್ಯ ಶಾಸ್ತ್ರೀಯ ಸಂಗೀತ. ರಾಗ, ತಾಳಗಳ ಹಂಗಿಲ್ಲದ ಇಂಥ ಸಂಗೀತವೆಂದರೆ ನನಗೆ ಹುಚ್ಚು. ಡ್ರೈವರ್ ಪಕ್ಕದಲ್ಲೇ ಕೂತು ಜೇಬಿನ ಫೋನಿನಲ್ಲಿ ಹಚ್ಚಿಕೊಂಡಿದ್ದೆ. ನಾಚುತ್ತಲೇ ಒಪ್ಪಿಕೊಂಡೆ. ಬೈಯುತ್ತಾನೆ ಅಂದುಕೊಂಡರೆ ಡ್ರೈವರ್ ಫೋನ್ ಇಸಿದುಕೊಂಡು ಮೊದಲಿನಿಂದ ಹಚ್ಚಿಸಿ, ಕಿವಿಗೆ ಹಿಡಿದ. ಹಿಂದಿನವರು “ನಡಿಯೋ ಮಾರಾಯಾ” ಎಂದು ಕೂಗುತ್ತಿದ್ದರೂ ಕಣ್ಣು ಮುಚ್ಚಿ ಆರು ನಿಮಿಷ, ಕೊನೆಯ ಸ್ವರದವರೆಗೂ ಕೇಳಿದ.

“ಬೆಲ್ಟ್ ಅಲ್ರಿ ಸರ, ನಿಮ್ಮ ಪಿಟೀಲಿಂದು ಬೇರಿಂಗ್ ಹೋಗ್ಯಾದ. ಲಗೂನ ತೋರಸ್ರಿ.”

ನನ್ನ ಸಂಗೀತಗಾರ ಗೆಳೆಯರೆಲ್ಲ ಮೊದಲ ನಿಮಿಷಕ್ಕೇ “ಭಾಳ ಛಲೋ ಅದ” ಎಂದು ಫೋನ್ ಮರಳಿಸಿದ್ದರು. ಪೂರ್ತಿ ಕೇಳಿದವನು ಇವನೊಬ್ಬನೇ. ಅದುವರೆಗೆ ಹೆಸರಿಲ್ಲದಿದ್ದ ಆ ರಚನೆಗೆ ಈಗ ‘ಬೇರಿಂಗ್’ ಎಂದೇ ಹೆಸರಿಟ್ಟಿದ್ದೇನೆ.