ಹೊಸ ನೀರಿನ ಒಳಲೆ

ಮೊದಲ ಮಳೆ ಬಿದ್ದರೆ ಎಲ್ಲರಿಗೂ ಖುಷಿ. ನನಗೆ ಈಗಲೂ ಹೊಟ್ಟೆ ಉರಿಯುತ್ತದೆ. ನನ್ನ ಸಿಟ್ಟು ಮಳೆಯ ಮೇಲಲ್ಲ, ಆ ನೀರನ್ನು ಕೂಸಿನ ಬಾಯಿಗೆ ಬಿಟ್ಟವರ ಮೇಲೆ.

ಆಣೆ ಹೋಗಿ ನಯಾಪೈಸೆ ಬಂದಿದ್ದ ಕಾಲ. ನನ್ನನ್ನು ಕೊಟ್ಟಿದ್ದು ಹೊಳವನಹಳ್ಳಿಯಿಂದಾಚೆಗಿನ ಒಂದು ಹಳ್ಳಿಗೆ. ಅಲ್ಲಿ ಕುಡಿಯುವ ನೀರೆಂದರೆ ತಲಪರಿಗೆಯದು. ಹಳ್ಳದ ಮರಳಲ್ಲಿ ಗುಂಡಿ ತೋಡಿದರೆ ನೀರು ತಾನಾಗಿ ಜಿನುಗಿ ತುಂಬಿಕೊಳ್ಳುತ್ತಿತ್ತು. ಚಪ್ಪಲಿ ಮೆಟ್ಟಿ ಅದರ ಹತ್ತಿರ ಹೋಗುವಂತಿರಲಿಲ್ಲ, ಮುಟ್ಟಾದವರು ಆ ಕಡೆ ಸುಳಿಯುವಂತಿರಲಿಲ್ಲ. ಊರ ಹೊರಗಿನ ಕೇರಿಯವರು ದೂರ ನಿಂತು, ಯಾರಾದರೂ ಕೊಡಕ್ಕೆ ಹೊಯ್ಯಲಿ ಎಂದು ಕಾಯಬೇಕಿತ್ತು. ಇಷ್ಟೆಲ್ಲ ಮಡಿ. ಆದರೆ ಅದರ ಮೇಲಿನ ದಂಡೆಯಲ್ಲೇ, ಜಾಲಿ ಗಿಡಗಳ ಮರೆಯಲ್ಲಿ, ಬೆಳಗಾದರೆ ಇಡೀ ಊರು ಚೊಂಬು ಹಿಡಿದು ಹೋಗಿ ಕೂರುತ್ತಿತ್ತು. ಮಕ್ಕಳದ್ದನ್ನು ಮಡಕೆಚೂರಿನಲ್ಲಿ ಬಾಚಿ ಅಲ್ಲಿಗೇ ಎಸೆಯುತ್ತಿದ್ದರು. "ಹಸುಗೂಸಿಂದು ಹೊಲಸೇನಮ್ಮ, ಅದು ದೇವ್ರಿದ್ದಂಗೆ" ಎನ್ನುತ್ತಿದ್ದರು ನಮ್ಮತ್ತೆ. ಬೆಂಕಿ ಬೀಳಲಿ ಆ ಮಡಿಗೆ.

ಮೊದಲ ಮಳೆಗೆ ಹಳ್ಳ ಹರಿದರೆ ಹೊಸ ನೀರಿನ ಪೂಜೆ. ಮನೆಯ ಹಿರಿಯ ಹೆಂಗಸು ತಲಪರಿಗೆಗೆ ಅರಿಶಿನ ಕುಂಕುಮ ಇಟ್ಟು, ಒಂದು ಕೊಡ ತುಂಬಿ ತಂದು, ಮೊದಲು ಮನೆಯ ಕೂಸಿಗೆ ಹಾಲು ಕುಡಿಸುವ ಪುಟ್ಟ ಬಟ್ಟಲಲ್ಲಿ ಒಂದು ಒಳಲೆ ಕುಡಿಸಬೇಕು. ನನ್ನ ಮಗಳು ಆಗಷ್ಟೇ ಗೋಡೆ ಹಿಡಿದು ನಿಲ್ಲಲು ಕಲಿತಿದ್ದಳು. ಅತ್ತೆ ಅವಳನ್ನು ಕಾಲ ಮೇಲೆ ಮಲಗಿಸಿಕೊಂಡು, "ಗಂಗಮ್ಮ ತಂಪಾಗಿ ಕಾಯ್ಲಿ" ಎಂದು ಕುಡಿಸಿದರು. ನೀರು ಕೆಂಪಗಿದೆಯಲ್ಲ ಎಂದೆ. "ಹೊಸ ನೀರು ಇನ್ನೆಂಗಿರ್ತೈತೆ" ಅಂದರು.

ಮಗಳಿಗೆ ಭೇದಿ ಹಿಡಿಯಿತು. "ಹೊಸ ನೀರಿಗೆ ಎಲ್ಲಾ ಮಕ್ಳಿಗೂ ಆಯ್ತದೆ ಬುಡು" ಎಂದರು ನೆರೆಯವರು. ವರ್ಷ ವರ್ಷವೂ ಎಲ್ಲ ಮಕ್ಕಳಿಗೂ ಆಗುತ್ತದೆಂದು ಗೊತ್ತಿದ್ದೂ, ಯಾಕೆ ಅಂತ ಒಬ್ಬರಾದರೂ ಕೇಳಿಕೊಳ್ಳಲಿಲ್ಲವಲ್ಲ. ಸಾಲದ್ದಕ್ಕೆ ಕುಡಿಯುವ ನೀರನ್ನೇ ನಿಲ್ಲಿಸಿದರು. "ಕುಡ್ಸಿದ್ದೆಲ್ಲ ಹಂಗೇ ಹೊರಕ್ಕೋಯ್ತದೆ. ಹೊಟ್ಟೆ ಒಣಗಿದ್ರೆ ತಾನೇ ನಿಂತ್ಕಂತದೆ ಕಣಮ್ಮ" ಎಂದು ಅತ್ತೆ ಮೊಲೆಹಾಲನ್ನೂ ಬಿಡಿಸಿದರು. ಪಾತ್ರೆ ತೊಳೆದು ಬಂದು ಎತ್ತಿಕೊಂಡರೆ ಮಗಳು ನನ್ನ ಒದ್ದೆ ಸೆರಗನ್ನು ಬಾಯಿಗೆ ತುರುಕಿಕೊಂಡು ಚೀಪುತ್ತಿದ್ದಳು. ಅದನ್ನೂ ಅತ್ತೆ ನನ್ನ ಕೈಯಲ್ಲೇ ಅವಳ ಬಾಯಿಂದ ಎಳೆಸಿದರು. ಕೊನೆಕೊನೆಗೆ ಅತ್ತರೂ ಕಣ್ಣಲ್ಲಿ ನೀರು ಬರುತ್ತಿರಲಿಲ್ಲ. ಕೊರಟಗೆರೆ ಆಸ್ಪತ್ರೆಗೆ ಹೋಗೋಣವೆಂದು ನಮ್ಮೆಜಮಾನರು ಗಾಡಿ ಕಟ್ಟುವ ಹೊತ್ತಿಗೆ ಮಗಳು ನನ್ನ ಮಡಿಲಲ್ಲೇ ಹೋಗಿಬಿಟ್ಟಳು. ಹಣೆಬರಹ ಎಂದರು ಎಲ್ಲರೂ. ಆ ಮಾತು ಕೇಳಿದರೆ ನನಗೆ ಇವತ್ತಿಗೂ ಮೈ ಉರಿಯುತ್ತದೆ.

ಮುಂದಿನ ವರ್ಷ ಮೊದಲ ಮಳೆ ನಿಂತ ಕೂಡಲೇ ಅತ್ತೆಯ ಹಿಂದೆಯೇ ಹಳ್ಳಕ್ಕೆ ಹೋದೆ. ದಂಡೆಯ ಮೇಲಿನದ್ದೆಲ್ಲ ಕರಗಿ, ಮಳೆನೀರಿನ ಜೊತೆ ನೇರ ತಲಪರಿಗೆಗೇ ಇಳಿಯುತ್ತಿತ್ತು. ಅದನ್ನು ತಿಳಿಯಲು ಓದಿರಬೇಕಿರಲಿಲ್ಲ, ಕಣ್ಣಿದ್ದರೆ ಸಾಕಿತ್ತು. ಅತ್ತೆಗೆ ತೋರಿಸಿದೆ. "ಹರಿಯೋ ನೀರಿಗೆ ಮೈಲಿಗೆ ಇಲ್ಲ" ಎಂದು ಕೊಡ ಎತ್ತಿಕೊಂಡು ನಡೆದರು.

ಮನೆಯಲ್ಲಿ ಈ ಸಲ ನನ್ನ ಓರಗಿತ್ತಿಯ ಗಂಡುಮಗುವಿತ್ತು. ಅತ್ತೆ ಅದನ್ನು ಕಾಲ ಮೇಲೆ ಹಾಕಿಕೊಂಡು ಅದೇ ಒಳಲೆ ತುಂಬಿದರು. ನಾನು ಕೈಯಿಂದ ಕಿತ್ತುಕೊಂಡು ಅಂಗಳಕ್ಕೆ ಚೆಲ್ಲಿದೆ. ಕೊಡವನ್ನೂ ಉರುಳಿಸಿದೆ.

"ಗಂಗಮ್ಮನ್ನ ಮಣ್ಣಿಗೆ ಚೆಲ್ತೀಯೇನೇ?"

"ಹೆತ್ತ ಮಗಳನ್ನೇ ಮಣ್ಣಿಗಾಕಿ ಬಂದಿದೀನಿ ಅತ್ತೆಮ್ಮ. ನೀರೇನು ಮಹಾ."

ಓರಗಿತ್ತಿ ಮಗುವನ್ನು ಎತ್ತಿಕೊಂಡು ನನ್ನ ಬೆನ್ನ ಹಿಂದೆ ಬಂದು ನಿಂತಳು.

ಬಾಣಂತಿಗೆ ಕುದಿಸಿ ಆರಿಸಿದ ನೀರು ಕೊಡಬೇಕೆಂದು ಗೊತ್ತಿದ್ದವರಿಗೆ, ಕೂಸಿಗೂ ಕೊಡಬಹುದೆಂದು ತೋಚಿರಲಿಲ್ಲ. ಆ ಮಳೆಗಾಲವಿಡೀ ಮಗುವಿಗೆ ಹಾಗೆ ಕುದಿಸಿ ಕೊಟ್ಟೆ. ಸೌದೆ ದಂಡ ಎಂದು ಅತ್ತೆ ಗೊಣಗಿದರು. ಊರ ಮಕ್ಕಳಿಗೆ ಎಂದಿನಂತೆ ಭೇದಿ ಬಂತು, ನಮ್ಮ ಮಗುವಿಗೆ ಬರಲಿಲ್ಲ.

ಮಳೆಗಾಲ ಮುಗಿದ ಮೇಲೆ ಅತ್ತೆ ಮಗುವಿನ ಕೈಯಿಂದ ಹೂವು ಮುಟ್ಟಿಸಿ, ಹಣ್ಣುಕಾಯಿ ಹಿಡಿದು ತಲಪರಿಗೆಗೆ ಹೊರಟರು. ಈ ಕೂಸನ್ನಾದರೂ ಗಂಗಮ್ಮ ಉಳಿಸಿಕೊಟ್ಟಳಲ್ಲ ಅಂತ. ನನ್ನನ್ನೂ ಕರೆದರು. ನಾನು ಒಲೆಯ ಮುಂದೆ ಕೂತು ಮಗುವಿಗೆ ನೀರು ಕುದಿಸುತ್ತಿದ್ದೆ.