ಗ್ರಿಲ್ ಪರೀಕ್ಷೆಗೆ ಬೆಂಕಿಕಡ್ಡಿ

ಹೊಸಪೇಟೆಯ ಅಂಗಡಿಯಾತ ಮಾಂಸ, ತರಕಾರಿ ಸುಡುವ ಗ್ರಿಲ್ಲಿಗೆ ಗ್ಯಾಸ್ ಬಿಟ್ಟು, ಎಲ್ಲೂ ಸೋರುತ್ತಿಲ್ಲವೆಂದು ತೋರಿಸಲು ಕಡ್ಡಿ ಗೀರಿ ಪೈಪಿನ ಬಳಿ ತಂದ. ನಾನು ಊದಿ ಆರಿಸಿದೆ.

ಹಂಪಿಗೆ ಬಂದಿದ್ದ ವಿದೇಶಿ ದಂಪತಿ, ತಾವು ಅಡುಗೆ ಮಾಡಿ ಮಲಗುವ ವ್ಯಾನಿಗೆಂದು ಅದನ್ನು ನೋಡುತ್ತಿದ್ದರು. ಅವರ ಮಾತನ್ನು ಕನ್ನಡದಲ್ಲಿ ಹೇಳಲು ನಾನು ಜೊತೆಗೆ ಹೋಗಿದ್ದೆ.

“ಸಂಡೂರಿನ ಗಣಿಯೋರೆಲ್ಲ ಗೆಸ್ಟ್‌ಹೌಸಿಗೆ ನನ್ನ ಗ್ರಿಲ್ಲೇ ಒಯ್ತಾರ. ಓದಿದೋರಿಗೆ ಭಾಳ ಅನುಮಾನ ನೋಡ್ರಿ,” ಎಂದು ಆತ ನಕ್ಕ.

ಸೋಪಿನ ನೀರು ಕೇಳಿ ಪೈಪಿನ ಜೋಡಣೆಗೆ ಹಚ್ಚಿದೆ. ಗುಳ್ಳೆಗಳೆದ್ದವು.

“ಅಷ್ಟಕ್ಕ ಏನಾಗಂಗಿಲ್ಲ ಬಿಡ್ರಿ ಮೇಡಂ, ಕಿಟಕಿ ತಗದಿಟ್ರ ಆತು.”

ಕೊಳ್ಳದೆ ಹೊರಟೆವು. ತಿರುಗಿ ನೋಡಿದರೆ, ಆತ ನೊರೆ ಒರೆಸಿ ಅದೇ ಗ್ರಿಲ್ಲನ್ನು ಮುಂದಿನ ಸಾಲಿನಲ್ಲಿಡುತ್ತಿದ್ದ.

ಆ ದಂಪತಿ ಅದನ್ನು ಒಯ್ಯಲಿಲ್ಲವೆಂಬ ಸಮಾಧಾನವಿದೆ. ಬೇರೆ ಯಾರಿಗೂ ಮಾರಬೇಡಿ ಎಂದು ಹೇಳದೆ ಬಂದದ್ದು ಮಾತ್ರ ಇನ್ನೂ ಕೊರೆಯುತ್ತದೆ.